ಆಟಿ ಮುಗಿಯುವುದರೊಳಗೆ

ಮೊನ್ನೆ ಉಡುಪಿಯ ಒಂದು ಸಭಾಭವನದಲ್ಲಿ ನನ್ನ ಕೈಗೆ ಕಾಗದದ ಲೋಟವೊಂದನ್ನು ಕೊಟ್ಟರು. ಆಟಿ ತಿಂಗಳ ಆಚರಣೆಯಂತೆ. ವೇದಿಕೆಯ ಮೇಲೆ ಒಬ್ಬರು ಹಿರಿಯರ ವಿವೇಕದ ಬಗ್ಗೆ ಮೈಕಿನಲ್ಲಿ ಮಾತಾಡುತ್ತಿದ್ದರು. ಕೆಳಗೆ ನಾವು, ಈಗ ಹಿರಿಯರೇ ಆಗಿಹೋದವರು, ಆ ವಿವೇಕವನ್ನು ಗುಟುಕು ಗುಟುಕಾಗಿ ನುಂಗಲು ಸಾಲುಗಟ್ಟಿ ನಿಂತಿದ್ದೆವು. ಹಾಲೆ ಮರದ ತೊಗಟೆಯ ಕಷಾಯ ಅದು. ಮೂಗಿನ ಹತ್ತಿರ ತಂದದ್ದೇ ತಡ, ಬೆಳ್ಳುಳ್ಳಿ, ಕರಿಮೆಣಸು, ಓಮ ಎಲ್ಲದರ ಅಡಿಯಿಂದ ಆ ತೊಗಟೆಯ ಕಹಿ ವಾಸನೆ ಎದ್ದು ಬಂತು. ನನ್ನ ಕಾಲುಗಳು ನನ್ನನ್ನು ಕೇಳದೆ ಜಾಗ ಬದಲಿಸತೊಡಗಿದವು. ಎಡ, ಬಲ. ಎಡ, ಬಲ.

"ಎಂತ, ಹೊರಗೆ ಹೋಗ್ಲಿಕ್ಕುಂಟಾ? ಬಾತ್‌ರೂಮು ಆಚೆ ಬದಿಯಲ್ಲಿ," ಎಂದು ಪಕ್ಕದಲ್ಲಿದ್ದವರು ಕಾಳಜಿಯಿಂದ ಹೇಳಿದರು.

ಹೋಗಲಿಕ್ಕಿದ್ದದ್ದು ಬಾತ್‌ರೂಮಿಗಲ್ಲ, ಎಪ್ಪತ್ತರ ದಶಕದ ಕೊನೆಯ ಒಂದು ಆಟಿಗೆ. ಅದನ್ನು ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಕಷಾಯ ಕುಡಿದು ಲೋಟ ಎಸೆದೆ. ಕಾಲು ಮಾತ್ರ ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ.

ಆ ವರ್ಷ ಸರಕಾರ ನನ್ನನ್ನು ಕಾರ್ಕಳದಿಂದ ಕಾಪುವಿನ ಒಂದು ಶಾಲೆಗೆ ವರ್ಗ ಮಾಡಿತ್ತು. ನಾನು ಡ್ರಿಲ್ ಮಾಸ್ಟರ್. ಕಾರ್ಕಳದವರಿಗೆ ನಿಲ್ಲುವ ವಿಷಯದಲ್ಲಿ ಒಂದು ಹೆಮ್ಮೆ ಉಂಟು. ನಮ್ಮೂರ ಬಂಡೆಯ ಮೇಲೆ ಗೊಮ್ಮಟ ಮಳೆ ಬಿಸಿಲೆನ್ನದೆ ಶತಮಾನಗಳಿಂದ ನಿಂತಿದ್ದಾನೆ, ಒಮ್ಮೆಯೂ ಕಾಲು ಬದಲಿಸಿದವನಲ್ಲ. ಮಕ್ಕಳು ಸಾಲಿನಲ್ಲಿ ಅಲುಗಾಡಿದಾಗಲೆಲ್ಲ ನಾನು ಬೆಟ್ಟದ ಕಡೆ ಕೈ ತೋರಿಸುತ್ತಿದ್ದೆ, ಅಷ್ಟೇ ಸಾಕಾಗುತ್ತಿತ್ತು. ಕಾಪುವಿನಲ್ಲಿ ಕೈ ತೋರಿಸಲು ಇದ್ದದ್ದು ಸಮುದ್ರ. ಅದು ಒಂದು ಕ್ಷಣ ಸುಮ್ಮನೆ ನಿಂತದ್ದನ್ನು ಕಂಡವರಿಲ್ಲ.

ಮಳೆ ಹಿಡಿದ ಮೇಲೆ ಆಟದ ಮೈದಾನ ಕೆರೆಯಾಯಿತು. ಮಳೆಗಾಲದ ಡ್ರಿಲ್ ಮಾಸ್ಟರನಷ್ಟು ನಿರುಪಯೋಗಿಯಾದ ಪ್ರಾಣಿ ಸರಕಾರಿ ನೌಕರಿಯಲ್ಲಿ ಇನ್ನೊಂದಿಲ್ಲ. ಮುಖ್ಯೋಪಾಧ್ಯಾಯರು ನನಗೆ ನೀತಿಪಾಠದ ಪೀರಿಯಡ್ ಕೊಟ್ಟರು. ನಾನು ನೀತಿಯನ್ನು ತರಗತಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುತ್ತಾ ಹೇಳುತ್ತಿದ್ದೆ. ಮಕ್ಕಳ ತಲೆಗಳು ಎಡಕ್ಕೂ ಬಲಕ್ಕೂ ತಿರುಗುತ್ತಿದ್ದವು. ಅವರ ಕತ್ತಿಗೆ ಒಳ್ಳೆಯ ವ್ಯಾಯಾಮವಾಯಿತು, ನೀತಿ ಎಷ್ಟು ಹೋಯಿತೋ ಗೊತ್ತಿಲ್ಲ.

ನಾನು ಬಾಡಿಗೆಗಿದ್ದ ಕೋಣೆ ಮೀನುಗಾರರ ಒಂದು ಮನೆಯಲ್ಲಿತ್ತು. ಮನೆ ಮತ್ತು ಹೆದ್ದಾರಿಯ ನಡುವೆ ಒಂದು ತೋಡು. ಬೇಸಿಗೆಯಲ್ಲಿ ಹೆಸರಿಗೆ ಹಳ್ಳ, ಮಳೆಗಾಲದಲ್ಲಿ ನಿಜಕ್ಕೂ ಹಳ್ಳ. ಅದರ ಮೇಲೆ ದಾಟಲು ತೆಂಗಿನ ಮರವನ್ನು ಸೀಳಿ ಹಾಕಿದ ಒಂಟಿ ಸಂಕ. ಹಿಡಿದುಕೊಳ್ಳಲು ಕಟ್ಟಿದ ಬಿದಿರನ್ನು ಪ್ರತಿವರ್ಷ ನೀರು ಕೊಂಡೊಯ್ಯುತ್ತಿತ್ತು, ಪ್ರತಿವರ್ಷ ಜನ ಮತ್ತೆ ಕಟ್ಟುತ್ತೇವೆಂದು ಹೇಳುತ್ತಿದ್ದರು. ಮನೆಯಲ್ಲಿ ಇದ್ದದ್ದು ಮೂವರು. ಅಪ್ಪಿ ಅಜ್ಜಿ, ಅವರ ಮಗಳು ಗಿರಿಜಾ, ಗಿರಿಜಾಳ ಮಗ ದಯಾನಂದ. ಗಿರಿಜಾ ಕಟಪಾಡಿಯ ಮಾರ್ಕೆಟಿನಲ್ಲಿ ಮೀನು ಮಾರುವವಳು. ಅವಳ ಗಂಡ ಮುಂಬಯಿಯ ಒಂದು ಕ್ಯಾಂಟೀನಿನಲ್ಲಿದ್ದ. ದಯಾನಂದನಿಗೆ ಏಳೆಂಟು ವರ್ಷ, ಎಲ್ಲರ ಬಾಯಲ್ಲಿ ದಯ.

ನಾನು ಟ್ರಂಕು ಹೊತ್ತುಕೊಂಡು ಹೋದ ದಿನ ಜಗಲಿಯ ಕಂಬಕ್ಕೆ ಆ ಹುಡುಗನನ್ನು ಹಗ್ಗದಲ್ಲಿ ಕಟ್ಟಿದ್ದರು.

ರಂಪಣಿ ಬಲೆಯ ಹಳೆಯ ಹಗ್ಗ. ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ಕಂಬಕ್ಕೆ. ಅವನು ಅದರ ಎಳೆಗಳ ಮೇಲೆ ಬೆರಳಾಡಿಸುತ್ತಾ, ನಾನೆಂಬವನು ಎದುರು ನಿಂತದ್ದೇ ಸುಳ್ಳು ಎಂಬಂತೆ ಕೂತಿದ್ದ. ನನ್ನ ನೀತಿಪಾಠ ತಾನಾಗಿ ಬಾಯಿಗೆ ಬಂತು. ಸಂಜೆ ಗಿರಿಜಾ ಖಾಲಿ ಬುಟ್ಟಿ ಹಿಡಿದು ಬಂದಾಗ ಅದನ್ನು ಗಂಭೀರವಾಗಿ ಹೇಳಿದೆ. ಮಗುವನ್ನು ದನದ ಹಾಗೆ ಕಟ್ಟಬಾರದು, ಇತ್ಯಾದಿ.

ಅವಳು ಬುಟ್ಟಿ ಕವುಚಿ ಹಾಕಿ ಕೇಳಿದಳು: "ಕಟ್ಟದಿದ್ರೆ ತೋಡಿಗೆ ಬೀಳ್ತಾನೆ ಮಾಸ್ಟ್ರೆ. ಬಿದ್ದೂ ಆಗಿದೆ. ಅಮ್ಮನಿಗೆ ಕಣ್ಣಿಗೆ ಪೊರೆ. ನೀವು ನೋಡ್ತೀರಾ ಇಡೀ ದಿನ?"

"ಜೊತೆಗೆ ಕರ್ಕೊಂಡು ಹೋಗ್ಬಹುದಲ್ಲ?"

"ಸಂಕ ನೋಡಿದ್ರಲ್ಲ. ತಲೆ ಮೇಲೆ ಬುಟ್ಟಿ, ಅದಕ್ಕೆ ಒಂದು ಕೈ. ಸೊಂಟದಲ್ಲಿ ಎತ್ತುವ ಪ್ರಾಯ ಅವನದ್ದಲ್ಲ. ಪಕ್ಕದಲ್ಲಿ ನಡೆಸ್ಲಿಕ್ಕೆ ಅಲ್ಲಿ ಜಾಗ ಉಂಟಾ? ಹಿಂದೆ ಬಾ ಅಂದ್ರೆ ನಾಲ್ಕು ಹೆಜ್ಜೆಗೆ ಬಿದ್ದ."

ಸರಕಾರ ಅಚ್ಚು ಹಾಕಿಸಿದ ನೀತಿಪಾಠದ ಪುಸ್ತಕದಲ್ಲಿ ಸಂಕದ ಪಾಠವಿರಲಿಲ್ಲ.

ಹುಡುಗನನ್ನು ನೋಡುತ್ತಾ ಹೋದಂತೆ ನನ್ನ ಕಸುಬಿನ ಬುದ್ಧಿ ಕೆರಳಿತು. ಬಿಟ್ಟರೆ ಅವನು ಅಂಗಳದಲ್ಲಿ ಬುಗುರಿಯ ಹಾಗೆ ತಿರುಗುತ್ತಿದ್ದ, ತಲೆ ಸುತ್ತಿ ಬೀಳುವುದೆಂಬುದೇ ಇಲ್ಲ. ಆದರೆ ನೇರ ನಡೆ ಎಂದರೆ ಬೆರಳ ತುದಿಯಲ್ಲಿ ನಡೆದು, ಏನೂ ಇಲ್ಲದ ಕಡೆ ಎಡವಿ, ಕೈ ಊರಲೂ ನೆನಪಾಗದೆ ಮುಖ ಕೆಳಗಾಗಿ ಬೀಳುತ್ತಿದ್ದ. ಹಣೆಯ ಮೇಲೆ ಹಳೆಯ ಗಾಯದ ಪಕ್ಕ ಹೊಸ ಗಾಯ. ತನ್ನದೇ ಎಂಬ ಮಾತು ಅವನಿಗಿರಲಿಲ್ಲ. ನಾವು ಹೇಳಿದ ಮಾತಿನ ಬಾಲ ಮಾತ್ರ ಅವನ ಬಾಯಲ್ಲಿ ಬರುತ್ತಿತ್ತು. "ಊಟ ಆಯ್ತಾ?" ಅಂದರೆ "ಆಯ್ತಾ". ಆಗಿರುತ್ತಿರಲಿಲ್ಲ.

ಊರು ಇದಕ್ಕೆ ತನ್ನದೇ ಕಾರಣ ಹುಡುಕಿಟ್ಟುಕೊಂಡಿತ್ತು. ಬಸುರಿಯಾಗಿದ್ದಾಗ ಗಿರಿಜಾ ನಾಗನ ಹುತ್ತದ ಬಳಿ ಮೀನಿನ ಬುಟ್ಟಿ ಇಳಿಸಿದ್ದಳಂತೆ. ಅವಳು ಬಾವಿಕಟ್ಟೆಗೆ ಹೋದರೆ ಉಳಿದವರ ಕೊಡ ಬೇಗ ತುಂಬುತ್ತಿತ್ತು, ಕಟ್ಟೆ ಖಾಲಿಯಾಗುತ್ತಿತ್ತು.

ಆಟಿ ಹಿಡಿಯಿತು. ಘಟ್ಟದ ಮೇಲಿನವರಿಗೆ ಇಷ್ಟು ಹೇಳಬೇಕು: ನಮ್ಮ ಕರಾವಳಿಯ ಲೆಕ್ಕದಲ್ಲಿ ಆಟಿ ಎಂದರೆ ಜಡಿಮಳೆಯ ತಿಂಗಳು. ದೋಣಿಗಳು ದಡ ಸೇರಿ ತೆಂಗಿನ ಮಡಲಿನ ಹೊದಿಕೆಯಡಿ ಮಲಗುತ್ತವೆ, ಶುಭಕಾರ್ಯವಿಲ್ಲ, ಊರಿಗೆ ರೋಗರುಜಿನ ಬರುವುದೂ ಆಗಲೇ. ಅದು ಮುಗಿದು ಸೋಣ ತಿಂಗಳು ಕಾಲಿಟ್ಟರೆ ಬಿಸಿಲು, ಮೀನು, ಮಾರ್ಕೆಟ್ಟು. ಒಣಮೀನೂ ಮುಗಿದು ಗಿರಿಜಾ ಮನೆಯಲ್ಲಿದ್ದ ಆ ದಿನಗಳಲ್ಲಿ ಹುಡುಗನನ್ನು ಮಣಿಪಾಲದ ಡಾಕ್ಟರರಿಗೆ ತೋರಿಸೋಣ ಎಂದೆ. ಇಂಗ್ಲಿಷ್ ಆಡಲು ನಾನಿದ್ದೆ. ಅಜ್ಜಿ ತಾನೂ ಬರುವೆನೆಂದರು. ಕಣ್ಣು ಕಾಣದಿದ್ದರೂ ಅವರ ಕಿವಿ ಬಹಳ ಚುರುಕು. ಆ ಚುರುಕೇ ಮುಂದಿನದಕ್ಕೆಲ್ಲ ಕಾರಣ.

ಡಾಕ್ಟರು ಉತ್ತರದ ಕಡೆಯ ತರುಣ. ಕನ್ನಡವೂ ಇಲ್ಲ, ತುಳುವೂ ಇಲ್ಲ. ದಯನ ಜೊತೆ ನೆಲದ ಮೇಲೆ ಬಹಳ ಹೊತ್ತು ಕೂತು, ಆಮೇಲೆ ನನಗೆ ಹೇಳಿದರು. ಇದಕ್ಕೆ ಆಟಿಸಂ ಎನ್ನುತ್ತಾರೆ. ಹುಟ್ಟಿನಿಂದ ಬಂದದ್ದು, ಯಾರ ತಪ್ಪೂ ಅಲ್ಲ. ಬಂದು ಹೋಗುವ ಜ್ವರದಂಥದ್ದೂ ಅಲ್ಲ, ಅವನ ಜೊತೆಗೇ ಇರುತ್ತದೆ. ಮಾತು ಎಷ್ಟು ಬರುತ್ತದೋ ಹೇಳಲಾರೆ. ಆದರೆ ಬೀಳುವುದನ್ನು ಕಡಿಮೆ ಮಾಡಬಹುದು. ಇಷ್ಟು ಹೇಳಿ ಆ ತರುಣ ಬೂಟು ಕಳಚಿ, ಪ್ಯಾಂಟು ಮಡಚಿ, ನೆಲದ ಹಾಸುಗಲ್ಲಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆದು ತೋರಿಸಿದರು. ಒಂಟಿ ಕಾಲಲ್ಲಿ ನಿಂತು ತೋರಿಸಿದರು. ಬಾಗಿಲಲ್ಲಿ ಇಣುಕಿದ ನರ್ಸು ಮರ್ಯಾದೆಯಿಂದ ಹಿಂದೆ ಸರಿದಳು. "ದಿನಾ ಮಾಡಿಸಿ. ಅದೇ ಜಾಗ, ಅದೇ ಹೊತ್ತು, ಅದೇ ಮಾತು. ಬದಲಿಸಬೇಡಿ," ಎಂದರು. ಡ್ರಿಲ್ಲಿನ ವ್ಯಾಖ್ಯೆಯನ್ನು ಇದಕ್ಕಿಂತ ಚೆನ್ನಾಗಿ ನಾನು ಟ್ರೈನಿಂಗ್ ಕಾಲೇಜಿನಲ್ಲೂ ಕೇಳಿರಲಿಲ್ಲ.

ಎಲ್ಲವನ್ನೂ ಅಕ್ಷರಶಃ ತುಳುವಿಗೆ ತಂದು ಹೇಳಿದೆ. ಅಜ್ಜಿ ತಲೆಯಾಡಿಸುತ್ತಾ ಕೇಳಿದರು. ವಾಪಸು ಬರುವ ಬಸ್ಸಿನಲ್ಲಿ ಅವರ ಮುಖ ಅರಳಿತ್ತು.

"ನನಗೆ ಮೊದಲೇ ಸಂಶಯ ಇತ್ತು," ಎಂದರು.

"ಎಂತ ಸಂಶಯ?"

"ಆಟಿದೇ ಅಂತ. ಇವನು ಹುಟ್ಟಿದ್ದೂ ಆಟಿಯಲ್ಲಿ. ಈಗ ದೊಡ್ಡ ಡಾಕ್ಟರೇ ಹೇಳಿದ್ರಲ್ಲ, ಆಟಿ ಅಂತ."

"ಅಜ್ಜೀ, ಅದು ಆಟಿ ಅಲ್ಲ. ಆಟಿಸಂ. ಇಂಗ್ಲಿಷ್ ಶಬ್ದ."

"ಇಂಗ್ಲಿಷಿನವರು ಎಲ್ಲದಕ್ಕೂ ಬಾಲ ಸೇರಿಸ್ತಾರೆ. ಆಟಿಯಲ್ಲಿ ಹಿಡಿದದ್ದು ಸೋಣಕ್ಕೆ ಬಿಡಬೇಕು. ಅದಕ್ಕೇ ಅವರು ಈಗಲೇ ಕಸರತ್ತು ಮಾಡಿಸಿ ಅಂದದ್ದು."

ಕಟಪಾಡಿ ಬರುವವರೆಗೆ ನಾನು ಬಿಡಿಸಿ ಬಿಡಿಸಿ ಹೇಳಿದೆ. ಎದುರು ಸೀಟಿನವರೂ ತಿರುಗಿ ಕೂತು ಕೇಳಿದರು. ಕೊನೆಗೆ ಅಜ್ಜಿ ನನ್ನ ಮೊಣಕಾಲು ತಟ್ಟಿ, "ಮಾಸ್ಟ್ರೆ, ಡ್ರಿಲ್ಲು ನಿಮಗೆ ಗೊತ್ತುಂಟು. ಆಟಿ ನಮಗೆ ಗೊತ್ತುಂಟು," ಎಂದು ವಾದ ಮುಗಿಸಿದರು. ಎದುರು ಸೀಟಿನವರು ಅವರ ಪಕ್ಷ ಸೇರಿದರು. ಗಿರಿಜಾ ಮಾತ್ರ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಶಾಲೆ ಬಿಟ್ಟು ಬಂದವನು ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆದೆ. ದಯ ಅದನ್ನು ನೋಡಲಿಲ್ಲ. ಇದ್ದಿಲಿನಲ್ಲಿ ಎಳೆದೆ. ಅದನ್ನೂ ನೋಡಲಿಲ್ಲ. ನಾನೇ ಅದರ ಮೇಲೆ ಅತ್ತಿತ್ತ ನಡೆದು ತೋರಿಸಿದೆ, ನಡೆದೆ, ಇನ್ನೂ ನಡೆದೆ. ನನ್ನ ಸಮತೋಲ ಬಹಳ ಸುಧಾರಿಸಿತು. ಸಿಟ್ಟು ಬಂತು. ಸೋಣಕ್ಕೆ ಗಿರಿಜಾ ಮಾರ್ಕೆಟಿಗೆ ಹೋಗಲೇಬೇಕು, ಅಷ್ಟರಲ್ಲಿ ಇವನು ಸಂಕ ದಾಟದಿದ್ದರೆ ಮತ್ತೆ ಅದೇ ಕಂಬ.

ಅವನನ್ನು ಕಂಬದಿಂದ ಬಿಚ್ಚಿದಾಗ ಹಗ್ಗ ನೆಲದ ಮೇಲೆ ಬಿದ್ದಿತ್ತು. ಅದರ ಎಳೆಗಳನ್ನು ಬೆರಳಿನಿಂದ ಓದುವುದು ಅವನ ಅಭ್ಯಾಸವೆಂದು ಹೇಳಿದೆನಲ್ಲ. ಆ ದಿನ ಅವನು ಬಗ್ಗದೆ, ನಿಂತೇ, ಕಾಲಿನ ಬೆರಳಿನಿಂದ ಅದನ್ನು ಮುಟ್ಟಿದ. ಒತ್ತಿದ. ಇನ್ನೊಂದು ಕಾಲನ್ನೂ ಅದರ ಮೇಲಿಟ್ಟ.

ನಾನು ಹಗ್ಗವನ್ನು ಮೆಲ್ಲಗೆ ನೇರ ಮಾಡಿದೆ. ಅವನು ಅದರ ಮೇಲೆ ನಡೆದ. ಬೆರಳ ತುದಿಯಲ್ಲಲ್ಲ, ಇಡೀ ಪಾದದಲ್ಲಿ. ಹಗ್ಗದ ಒರಟು ಅಂಗಾಲಿಗೆ ಹಿತವೆನಿಸಿರಬೇಕು. ಕೊನೆ ಮುಟ್ಟುವ ಮೊದಲೇ ಬಿದ್ದ. ಎದ್ದು ಮತ್ತೆ ಶುರುವಿಗೆ ಹೋಗಿ ನಿಂತ.

ಅಲ್ಲಿಂದ ದಿನಾ ಅದೇ. ಸೀಟಿ ಊದಿದರೆ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ, ಆದ್ದರಿಂದ ಸೀಟಿಯನ್ನು ಟ್ರಂಕಿಗೆ ಹಾಕಿದೆ. ಉಳಿದಂತೆ ಶಾಸ್ತ್ರೋಕ್ತ ಡ್ರಿಲ್ಲು. "ಕ್ವಿಕ್ ಮಾರ್ಚ್" ಅಂದರೆ ಹಗ್ಗದ ಮೇಲೆ ನಡೆ. "ಸ್ಟ್ಯಾಂಡ್ ಅಟೀಸ್" ಅಂದರೆ ಎಲ್ಲಿದ್ದೀಯೋ ಅಲ್ಲಿ ನಿಂತು ಉಸಿರು ಬಿಡು, ಮುಂದಿನ ಆರ್ಡರಿಗೆ ಕಾಯಿ. ಅವನ ಬಾಯಲ್ಲಿ ಬಾಲ ಮಾತ್ರ ಬರುತ್ತಿತ್ತು. "ಟೀಸ್." ಹೇಳಿ ನಿಲ್ಲುತ್ತಿದ್ದ. ಸಾಲು ಸಾಲು ಹೈಸ್ಕೂಲು ಹುಡುಗರನ್ನು ನಿಲ್ಲಿಸಿದವನು ನಾನು. ಒಂದು ಆರ್ಡರಿಗೆ ಅಷ್ಟು ಪ್ರಾಮಾಣಿಕವಾಗಿ ನಿಂತವರನ್ನು ಕಂಡಿರಲಿಲ್ಲ.

ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಒಂದು ದಿನ ಎದ್ದು ಬಂದರು.

"ಮಾಸ್ಟ್ರೆ, ಅದೆಂತ ಹೇಳ್ತೀರಿ ಆಗಾಗ? ಸ್ಟ್ಯಾಂಡಾಟಿ?"

"ಸ್ಟ್ಯಾಂಡ್ ಅಟೀಸ್."

"ಸ್ಟ್ಯಾಂಡು ಅಂದ್ರೆ?"

"ನಿಲ್ಲು ಅಂತ."

ಅಜ್ಜಿ ಅಡುಗೆಮನೆಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಸಾರಿದರು: "ಗಿರಿಜಾ, ಕೇಳಿದೆಯಾ? 'ನಿಲ್ಲು ಆಟಿ' ಅಂತ ಹೇಳ್ತಾರೆ ಮಾಸ್ಟ್ರು. ಆಟಿಗೇ ಎದುರು ನಿಂತು ಹೇಳ್ತಾರೆ! ಬಸ್ಸಿನಲ್ಲಿ ನನ್ನ ಹತ್ತಿರ ಅಲ್ಲ ಅಂದದ್ದು ಸುಮ್ಮನೆ."

ಮರುದಿನ ಬಾವಿಕಟ್ಟೆಯಲ್ಲಿ ಸುದ್ದಿಯಾಯಿತು. ದಯನಿಗೆ ಇರುವುದು ಆಟಿಯ ಕಾಯಿಲೆ, ಮಣಿಪಾಲದಲ್ಲೇ ಹೇಳಿದ್ದು, ಕಾರ್ಕಳದ ಮಾಸ್ಟ್ರಿಗೆ ಅದನ್ನು ನಿಲ್ಲಿಸುವ ಇಂಗ್ಲಿಷ್ ಮಂತ್ರ ಗೊತ್ತುಂಟು. ನಾನು ದಾರಿಯಲ್ಲಿ ಸಿಕ್ಕವರಿಗೆಲ್ಲ ಅಲ್ಲ ಅಲ್ಲ ಎಂದು ಹೇಳಿದೆ. ವಿನಯವೂ ಉಂಟು ಎಂದು ಸೇರಿಸಿಕೊಂಡರು.

ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಜನ ಬರತೊಡಗಿದರು. ಆಟಿ ಎಲ್ಲರ ಮನೆಗೂ ಬರುವಂಥದ್ದು; ಅದಕ್ಕೆ ನಾಗನ ಹುತ್ತವೂ ಬೇಡ, ತಾಯಿಯ ತಪ್ಪೂ ಬೇಡ. ದೋಣಿ ಮೇಲೆ ಹಾಕಿ ಕೆಲಸವಿಲ್ಲದೆ ಕೂತಿದ್ದ ಗಂಡಸರು ಬಲೆ ಹೊಲಿಯುವ ನೆಪದಲ್ಲಿ ನಮ್ಮ ಜಗಲಿಗೆ ಬಂದರು. ಹೆದ್ದಾರಿ ಬದಿಯಲ್ಲಿ ತೆಂಗಿನಕಾಯಿ, ಹುರಿಹಗ್ಗದ ಅಂಗಡಿ ಇಟ್ಟಿದ್ದ ಹಸನಬ್ಬ ಒಂದು ತೆಂಗಿನ ದಿಮ್ಮಿಯನ್ನೇ ಹೊರಿಸಿಕೊಂಡು ಬಂದರು.

"ಇದೆಂತಕ್ಕೆ ಹಸನಬ್ಬ?"

"ಹಗ್ಗ ನೆಲದಲ್ಲಿದ್ರೆ ಬೀಳುವ ಹೆದರಿಕೆ ಎಲ್ಲಿ ಉಂಟು ಮಾಸ್ಟ್ರೆ? ಇದರ ಮೇಲೆ ಹಾಕಿ. ನನಗೂ ಆಟಿಯಲ್ಲಿ ವ್ಯಾಪಾರ ಇಲ್ಲ, ನಿಮಗೂ ಇಲ್ಲ. ಇವನೊಬ್ಬನಿಗಾದರೂ ಕೆಲಸ ಇರ್ಲಿ."

ದಿಮ್ಮಿಯನ್ನು ಮರಳಲ್ಲಿ ಅರ್ಧ ಹೂತು ಅದರ ಮೇಲೆ ಹಗ್ಗ ಬಿಗಿದೆವು. ದಯ ಬೀಳುತ್ತಿದ್ದ, ಏಳುತ್ತಿದ್ದ. ಮಳೆ ಬಂದರೆ ಬಲೆಯ ಗಂಡಸರು ಕೊಡೆ ಹಿಡಿದು ಎರಡೂ ಬದಿ ನಡೆಯುತ್ತಿದ್ದರು. ನೋಡಿದವರಿಗೆ ಯಾರೋ ಪುಟ್ಟ ಅರಸರ ಸವಾರಿ ಹೊರಟಿದೆ ಎನ್ನಿಸಬೇಕು. ಕೆಲವು ದಿನ ಅವನು ದಿಮ್ಮಿಯ ಹತ್ತಿರವೂ ಬರಲೊಲ್ಲದೆ, ಅಂಗಳದ ಮೂಲೆಯಲ್ಲಿ ತಿರುಗುತ್ತಾ, ಕೈ ಹಿಡಿದರೆ ಕಿರುಚಿ ಕಚ್ಚುತ್ತಿದ್ದ. ಆ ದಿನಗಳಲ್ಲಿ ನಾನು ಸಮುದ್ರದ ದಂಡೆಗೆ ಹೋಗಿ ದೀಪಸ್ತಂಭದವರೆಗೂ ನಡೆಯುತ್ತಿದ್ದೆ, ವಾಪಸು ನಡೆಯುತ್ತಿದ್ದೆ. ಕೂರಲು ಆಗುತ್ತಿರಲಿಲ್ಲ. ನಿಲ್ಲುವುದನ್ನು ಕಲಿಸಲು ಹೊರಟವನ ಸ್ಥಿತಿ ಅದು.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಅಜ್ಜಿ ಹಾಲೆಯ ಕಷಾಯ ಮಾಡಿದರು. ಹೊಸ ತಿಂಡಿ ಕಂಡರೆ ಮುಖ ತಿರುಗಿಸುವ ದಯ ಅದನ್ನು ಮೂಸಿ, ಕುಡಿದು, ಲೋಟ ಮತ್ತೆ ಚಾಚಿದ. ಇಡೀ ತುಳುನಾಡಿನಲ್ಲಿ ಆ ಕಷಾಯವನ್ನು ಎರಡನೆಯ ಸಲ ಕೇಳಿ ಕುಡಿದ ಏಕೈಕ ಮನುಷ್ಯ ಅವನಿರಬೇಕು. ಅಜ್ಜಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. "ಒಳಗಿನ ಆಟಿ ಕೇಳ್ತಾ ಉಂಟು, ಹೋಗ್ಲಿಕ್ಕೆ ಹೊರಟಿದೆ," ಎಂದರು.

ನಾನು ನನ್ನ ಲೋಟವನ್ನು ಕೆಳಗಿಟ್ಟೆ. ಸೋಣ ಬಂದ ದಿನ ಇವರೆಲ್ಲ ಬೆಳಗಾಗೆದ್ದು ಬರುತ್ತಾರೆ, ಹುಡುಗ ಮಾತಾಡುತ್ತಾನೆಂದು ಕಾಯುತ್ತಾರೆ. ಅವನು "ಆಯ್ತಾ" ಅಂದರೆ "ಆಯ್ತಾ" ಅನ್ನುತ್ತಾನೆ. ಆಮೇಲೆ? ಬಲೆ ಎತ್ತಿಕೊಂಡು ಹೋಗುತ್ತಾರೆ. ಹುತ್ತದ ಕತೆ ಮತ್ತೆ ಬಾವಿಕಟ್ಟೆಗೆ ಬರುತ್ತದೆ. ಎಲ್ಲಕ್ಕಿಂತ ಗಿರಿಜಾ? ಅವಳೂ ಇದನ್ನೇ ನಂಬಿಕೊಂಡಿದ್ದರೆ, ಆ ಬೆಳಗ್ಗೆ ಅವಳ ಮುಖ ನೋಡುವವರು ಯಾರು?

ಆ ಸಂಜೆ ಅವಳು ಬಟ್ಟಲಿನಲ್ಲಿ ಎಣ್ಣೆ ಹಿಡಿದು ಮಗನ ಕಾಲಿಗೆ ತಿಕ್ಕುತ್ತಿದ್ದಾಗ, ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಾ ಹೇಳಿಯೇ ಬಿಟ್ಟೆ.

"ಗಿರಿಜಾ, ಸೋಣಕ್ಕೆ ಅದು ಹೋಗುವುದಿಲ್ಲ. ಡಾಕ್ಟರು ಹೇಳಿದ್ದು ಬೇರೆ. ಅದು ಅವನ ಜೊತೆಗೇ ಇರ್ತದೆ."

"ಕೂತ್ಕೊಳ್ಳಿ ಮಾಸ್ಟ್ರೆ. ನೀವು ನಡೆದ್ರೆ ಅವನೂ ಏಳ್ತಾನೆ."

ಕೂತೆ. ಅವಳು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನನಗೆ ಅಲ್ಲೇ ಗೊತ್ತಾಯ್ತು. ನೀವು ಹೇಳಿದ್ದು ಆಮೇಲೆ. ಇಂಗ್ಲಿಷ್ ಬರುವುದಿಲ್ಲ, ಮುಖ ನೋಡ್ಲಿಕ್ಕೆ ಬರ್ತದೆ ನನಗೆ. ಮಾರ್ಕೆಟಿನಲ್ಲಿ ಮತ್ತೆಂತ ಮಾಡ್ತೇನೆ ನಾನು?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ಅಮ್ಮ ಹಾಗೆ ಹೇಳಿದ ಮೇಲೆ ಯಾರೂ ನನಗೆ ಏನೂ ಹೇಳ್ಲಿಲ್ಲ. ಬಾವಿಯಲ್ಲಿ ನನಗೆ ನೀರು ಸೇದಿ ಕೊಟ್ರು ಮಾಸ್ಟ್ರೆ. ಇವನನ್ನು ಹೆಸರು ಹಿಡಿದು ಕರೀತಾರೆ ಈಗ." ಅವಳು ಮಗನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು. "ಮಾತು ಬಾರದಿದ್ರೆ ಬೇಡ. ಬುಟ್ಟಿ ಹೊತ್ತಾಗ ಹಿಂದೆ ಬಂದ್ರೆ ಸಾಕು. ಅದು ಆಗ್ತದಾ, ಅಷ್ಟು ಹೇಳಿ."

ಆಗುತ್ತದೆ ಎಂದೆ. ಗೊತ್ತಿದ್ದು ಹೇಳಿದ್ದಲ್ಲ.

ಮರುದಿನವೇ ಹಗ್ಗವನ್ನು ಸಂಕಕ್ಕೆ ಕೊಂಡೊಯ್ದೆ. ಹಸನಬ್ಬ ಕೊಟ್ಟ ಮೊಳೆ ಹೊಡೆದು ಈ ದಡದಿಂದ ಆ ದಡಕ್ಕೆ ಸಂಕದ ನಡುಮಧ್ಯೆ ಬಿಗಿದೆ. ಅಂಚಿಗೆ ಬಂದವರೆಲ್ಲ ಒಂದು ಕ್ಷಣ ನಿಂತು, ಕಾಲು ಎಲ್ಲಿಡುವುದೆಂದು ಯೋಚಿಸಿ, ಗೊಣಗಿ ದಾಟುತ್ತಿದ್ದರು.

"ಸಂಕಕ್ಕೆ ಜನಿವಾರ ಹಾಕಿದ್ದು ಯಾರು ಮಾಸ್ಟ್ರೆ?" ಎಂದರು ಹಸನಬ್ಬ.

"ಮಳೆ ನಿಲ್ಲುವವರೆಗೆ ಮಾತ್ರ."

"ಇರ್ಲಿ ಇರ್ಲಿ. ನಮ್ಮ ಸಂಕ ಶುದ್ಧ ಆಯ್ತು."

ಗೊಣಗಿದವರಲ್ಲಿ ಒಬ್ಬರೂ ಅದನ್ನು ಕೀಳಲಿಲ್ಲ. ನಾನು ಮುಂದೆ ಹಿಮ್ಮುಖವಾಗಿ, ದಯನ ಎರಡೂ ಕೈ ಹಿಡಿದುಕೊಂಡು ದಿನಾ ದಾಟಿಸಿದೆ. ಆಮೇಲೆ ಒಂದು ಕೈ. ಆಮೇಲೆ ಒಂದು ಬೆರಳು. ಬೆರಳು ಬಿಡಿಸಿಕೊಳ್ಳುವ ದಿನ ಬರುವುದರೊಳಗೆ ಆಟಿ ಮುಗಿಯಿತು.

ಸೋಣ ಸಂಕ್ರಮಣದ ಬೆಳಿಗ್ಗೆ ನಾನು ಹೆದರಿದಂತೆಯೇ ಜನ ಬಂದರು. ಅಂಗಳದಲ್ಲಿ ನಿಂತರು. ಯಾರೋ "ದಯಾ, ಹೇಗಿದ್ದೀಯ?" ಎಂದರು. ದಯ "ದ್ದೀಯ" ಎಂದು ಹೇಳಿ ತಿರುಗತೊಡಗಿದ. ಜನ ಅಜ್ಜಿಯ ಮುಖ ನೋಡಿದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, "ಇವತ್ತೇ ಅಂತ ಇಲ್ಲ. ದೋಣಿ ನೀರಿಗೆ ಇಳಿಯಬೇಕು, ಆಮೇಲೆ ಲೆಕ್ಕ," ಎಂದರು. ಒಂದಿಷ್ಟು ದಿನ ಸಿಕ್ಕಿತು, ದಯ ನನ್ನ ಬೆರಳು ಬಿಡಲು ಅಷ್ಟು ಸಾಕಾಯಿತು. ಆ ದಿನಗಳಲ್ಲಿ ಬಲೆಯ ಗಂಡಸರು ಕಡಿಮೆಯಾದರು. ಅವರಿಗೂ ಕೆಲಸ ಶುರುವಾಗಿತ್ತು, ಮತ್ತು ಆಟಿ ಮುಗಿದ ಮೇಲೂ ಉಳಿದ ಆಟಿಯ ಎದುರು ಏನು ಮಾತಾಡುವುದೆಂದು ಅವರಿಗೆ ತೋಚುತ್ತಿರಲಿಲ್ಲ.

ದೋಣಿಗಳು ಇಳಿದವು. ಮೊದಲ ಬೂತಾಯಿ ಮೀನು ಬಂದ ದಿನ ಗಿರಿಜಾ ತಲೆಗೆ ಸಿಂಬೆ ಇಟ್ಟು ಬುಟ್ಟಿ ಹೊತ್ತಳು. ಮಳೆ ಬಿಟ್ಟಿತ್ತು, ತೋಡು ಮಾತ್ರ ಕೆಂಪಗೆ ತುಂಬಿ ಓಡುತ್ತಿತ್ತು. ಅಜ್ಜಿ ಜಗಲಿಯಲ್ಲಿ ಕೂತರು. ಆ ಜಗಲಿಗೆ ಕಂಬಗಳು ನಾಲ್ಕು. ಮೂರಕ್ಕೆ ಅಜ್ಜಿ ವರ್ಷಗಟ್ಟಲೆ ಒರೆಸಿದ ಸುಣ್ಣದ ಬೆರಳಿನ ಗುರುತುಗಳು. ದಯನನ್ನು ಕಟ್ಟುವ ಕಂಬದಲ್ಲಿ ಮಾತ್ರ ಒಂದೂ ಇಲ್ಲ. ಅವನು ನೆಕ್ಕಿ ಬಾಯಿ ಸುಟ್ಟುಕೊಳ್ಳುತ್ತಾನೆಂದು ಅದಕ್ಕೆ ಒರೆಸುತ್ತಿರಲಿಲ್ಲ. ಹಗ್ಗ ಉಜ್ಜಿ ಉಜ್ಜಿ ಆ ಕಂಬದ ಸುತ್ತ ಒಂದು ಗೆರೆ ಮಾತ್ರ ಬಿದ್ದಿತ್ತು.

ಗಿರಿಜಾ ಸಂಕಕ್ಕೆ ಕಾಲಿಟ್ಟಳು. ಒಂದು ಕೈ ಬುಟ್ಟಿಯ ಮೇಲೆ, ಒಂದು ಕೈ ಗಾಳಿಯಲ್ಲಿ. ಹಿಂದೆ ದಯ. ಈ ದಡದಲ್ಲಿ ನಾನು, ಆ ದಡದಲ್ಲಿ ಹಸನಬ್ಬ. ಬೀಳಬಹುದಾದ ಕಡೆ ಸೊಂಟದವರೆಗೆ ನೀರಿನಲ್ಲಿ ಬಲೆಯ ಗಂಡಸರಿಬ್ಬರು, ಯಾರೂ ಕರೆಯದೆ, ಏನೋ ಹುಡುಕುವವರ ಹಾಗೆ ನಿಂತಿದ್ದರು.

ಅವನು ಹಗ್ಗದ ಮೇಲೆ ಪಾದ ಇಟ್ಟ. ನಡೆದ. ತಾಯಿಯ ಬೆನ್ನನ್ನು ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಕಾಲಿಗೆ ಸಿಗುವ ಎಳೆಗಳೇ ಅವನ ದಾರಿ. ನಟ್ಟನಡುವೆ ಬಂದು ನಿಂತುಬಿಟ್ಟ.

"ಟೀಸ್," ಎಂದ.

ಗಿರಿಜಾಳೂ ನಿಂತಳು. ತಲೆಯ ಮೇಲಿನ ಭಾರದಿಂದ ಅವಳು ತಿರುಗುವಂತಿರಲಿಲ್ಲ.

"ಎಂತ ಆಯ್ತು ಮಾಸ್ಟ್ರೆ? ಬಿದ್ದನಾ?"

"ಇಲ್ಲ. ನಿಂತಿದ್ದಾನೆ."

"ಎಂತ ಹೇಳಿದ?"

"ಅಟೀಸ್ ಅಂತ."

ನಾನು ಆರ್ಡರ್ ಕೊಡಬೇಕಿತ್ತು. ಜೀವಮಾನವಿಡೀ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವಂತೆ ಕೊಟ್ಟ ಆರ್ಡರ್. ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಹುಡುಗನ ಎಡಗಾಲು ಸ್ವಲ್ಪ ನಡುಗಿತು. ನೀರಿನಲ್ಲಿದ್ದವರು ಕೈ ಮೇಲೆತ್ತಿದರು.

ಆಗ ಗಿರಿಜಾ, ಮುಖ ಕಟಪಾಡಿಯ ಕಡೆಗೇ ಇಟ್ಟುಕೊಂಡು, ಕತ್ತು ಕೂದಲೆಳೆಯಷ್ಟೂ ಅಲುಗಿಸದೆ, ಮಾರ್ಕೆಟಿನಲ್ಲಿ ಬೂತಾಯಿಯ ದರ ಕೂಗುವ ದನಿಯಲ್ಲಿ ಕೂಗಿದಳು:

"ಕ್ವಿಕ್... ಮಾರ್ಚ್!"

ತೆಂಗಿನ ಮರದಿಂದ ಕಾಗೆಗಳೆದ್ದವು. ದಯ ಎಡಗಾಲು ಎತ್ತಿ ಮುಂದಿಟ್ಟ. "ಮಾರ್ಚ್," ಎಂದ. ಬಲಗಾಲು ಇಟ್ಟ. ಅವಳೂ ನಡೆದಳು. ಆ ದಡದಲ್ಲಿ ಹಸನಬ್ಬ ಮುಚ್ಚಿದ ಕೊಡೆಯನ್ನು ಹೆಗಲಿಗೆ ಬಂದೂಕಿನ ಹಾಗೆ ಏರಿಸಿ, ಇಬ್ಬರೂ ಹಾದುಹೋಗುವವರೆಗೆ ಅಟೆನ್ಶನ್ನಿನಲ್ಲಿ ನಿಂತರು. ತಮಾಷೆಗೆ ಶುರು ಮಾಡಿದ್ದಿರಬೇಕು. ಮುಗಿಯುವಾಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ತಾಯಿ ಮಗ ಹೆದ್ದಾರಿಯ ಕಡೆ ತಿರುಗಿ ಕಾಣದಾದರು.

ನಾನು ಮನೆಗೆ ಬಂದೆ. ಅಜ್ಜಿ ಕಾಲಿನ ಸಪ್ಪಳದಲ್ಲೇ ನನ್ನನ್ನು ಗುರುತಿಸಿದರು.

"ಹೋಯಿತಾ ಮಾಸ್ಟ್ರೆ?"

ಇಷ್ಟು ದಿನ ಕಾದ ಪ್ರಶ್ನೆ ಅದು. ನಾನು ನಿಂತೆ, ಆ ಮಳೆಗಾಲದಲ್ಲಿ ಮೊದಲ ಸಲ ಸುಮ್ಮನೆ ನಿಂತೆ.

"ಅದು ಹೋಗಲಿಲ್ಲ ಅಜ್ಜಿ. ಅವನು ಹೋದ. ಕಟಪಾಡಿಗೆ."

ಅಜ್ಜಿ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

"ಬುಟ್ಟಿ ಬೀಳ್ಲಿಲ್ಲ ಅಲ್ವಾ?"

"ಇಲ್ಲ."

"ಅವನ ಆಟಿ ಸ್ವಲ್ಪ ಉದ್ದ ಉಂಟು, ಹಾಗಾದ್ರೆ," ಎಂದರು. "ಕೆಲವರದ್ದು ಹಾಗೆ. ನಾಳೆ ಡ್ರಿಲ್ಲು ಉಂಟಲ್ಲ?"

"ಉಂಟು."

ಅವರು ಕೈ ಚಾಚಿ ತಡವಿ, ಹಗ್ಗವಿಲ್ಲದ ಆ ಕಂಬವನ್ನು ಮುಟ್ಟಿದರು. ಗೆರೆಯ ಉದ್ದಕ್ಕೂ ಬೆರಳು ಸುತ್ತಿಸಿದರು. ಆಮೇಲೆ ಇನ್ನೊಂದು ಎಲೆ ತೆಗೆದು, ಸುಣ್ಣ ಹಚ್ಚಿ, ಬೆರಳಿನಲ್ಲಿ ಉಳಿದದ್ದನ್ನು ಆ ಕಂಬಕ್ಕೇ ಒರೆಸಿದರು.